ಮಹಿಷಾಸುರನ ಪ್ರವೇಶಕ್ಕೆ ಯಾವ ಮೋಡ್? ಯಕ್ಷಗಾನ ಫೋಟೋಗ್ರಫಿಯ ಒಂದು ಪ್ರಕರಣ

ನನ್ನ ತಂಗಿಯ ಮಗ ಮಂಗಳೂರು ಕಡೆ ಮದುವೆ, ಗೃಹಪ್ರವೇಶಗಳ ಫೋಟೋ ತೆಗೆಯುತ್ತಾನೆ. ಕೈ ಪಳಗಿದೆ. ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಇದೆ. 24-70 ಎಂಎಂ ಮತ್ತು 70-200 ಎಂಎಂ, ಎರಡೂ ಎಫ್ 2.8ರ, ಅಂದರೆ ಕಡಿಮೆ ಬೆಳಕಿಗೂ ಆಗುವ ಲೆನ್ಸ್‌ಗಳು. ಪರಿಚಯದ ಮನೆಯವರೊಬ್ಬರು ‘ದೇವಿ ಮಹಾತ್ಮೆ’ ಯಕ್ಷಗಾನದ ಹರಕೆ ಆಟ ಇಟ್ಟುಕೊಂಡಿದ್ದರು. ಮನೆಯ ಪಕ್ಕದ ಗದ್ದೆಯಲ್ಲೇ ರಂಗಸ್ಥಳ. ಸಂಜೆ ಶುರುವಾಗಿ ನಡುರಾತ್ರಿಯ ಹೊತ್ತಿಗೆ ಮುಗಿಯುವ ಕಾಲಮಿತಿಯ ಆಟ. ಚೌಕಿ (ವೇಷ ಕಟ್ಟಿಕೊಳ್ಳುವ ಜಾಗ) ಪೂಜೆಯಿಂದ ಮಂಗಳದವರೆಗೆ ಒಂದು ಆಲ್ಬಮ್ ಮಾಡಿಕೊಡು ಎಂದು ಅವನಿಗೆ ಹೇಳಿದರು.

ಅವನು ಮದುವೆ ಮಂಟಪದ ಸೆಟ್ಟಿಂಗ್‌ನಲ್ಲೇ ಹೋದ. ಶಟರ್ ವೇಗ, ಅಪರ್ಚರ್ (ಲೆನ್ಸ್ ತೆರೆಯುವ ಅಳತೆ) ಎರಡನ್ನೂ ಕ್ಯಾಮೆರಾವೇ ಆರಿಸುವ ಪ್ರೋಗ್ರಾಂ ಮೋಡ್, ಆಟೋ ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ), ಆಟೋ ವೈಟ್ ಬ್ಯಾಲೆನ್ಸ್ (ದೀಪದ ಬಣ್ಣಕ್ಕೆ ತಕ್ಕ ತಿದ್ದುಪಡಿ), ಕಣ್ಣು ಗುರುತಿಸುವ ಆಟೋಫೋಕಸ್. ಕಲಾವಿದರಿಗೆ ತೊಂದರೆ ಆಗಬಾರದು ಅಂತ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್. ಇದನ್ನು ಸೋಮಾರಿತನ ಅನ್ನಲಾರೆ. ಮಂಟಪದ ಬೆಳಕಿನಲ್ಲಿ ಈ ಸೆಟ್ಟಿಂಗ್ ಅವನ ಕೈಬಿಟ್ಟಿರಲಿಲ್ಲ.

ಮರುದಿನ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು ಫೋನ್ ಮಾಡಿದ. “ಮಾಮ, ಇದೆಂತ ಹೀಗೆ ಬಂದದ್ದು? ಕ್ಯಾಮೆರಾ ಹಾಳಾಗಿದೆಯಾ?”

ಚೌಕಿಯ ಫೋಟೋಗಳು ಚೆಂದ ಇದ್ದವು. ರಂಗಸ್ಥಳದ್ದೇ ತೊಂದರೆ. ಒಂದೇ ವೇಷ ಒಂದು ಫೋಟೋದಲ್ಲಿ ಸುಣ್ಣದ ಗೋಡೆಯ ಹಾಗೆ ಬೆಳ್ಳಗೆ, ಇನ್ನೊಂದರಲ್ಲಿ ಕಪ್ಪಗೆ. ಬಣ್ಣದ ವೇಷ (ರಾಕ್ಷಸ ಪಾತ್ರ) ಮಸುಕು, ಹಿಂದೆ ಕೂತು ಹಾಡುವ ಭಾಗವತರು ಮಾತ್ರ ಸ್ಪಷ್ಟ. ಎಷ್ಟೋ ಫೋಟೋಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು. ಸೀರೆಯ ಕೆಂಪು ಒಂದೊಂದರಲ್ಲಿ ಒಂದೊಂದು ಬಗೆ.

ಅವನ ಗೆಳೆಯರು ಕೊಟ್ಟ ಸಲಹೆ ಒಂದೇ: ಆಟೋ ನಂಬಬೇಡ, ಎಲ್ಲ ಮ್ಯಾನುವಲ್ ಮಾಡು. ಮುಂದಿನ ಆಟಕ್ಕೆ ಹಾಗೇ ಹೋದ. ಫೋಕಸ್ ಕೂಡ ಕೈಯಲ್ಲೇ. ಈ ಸಲ ಬೆಳಕು ಸರಿ ಬಂತು, ಆದರೆ ದೇವಿಯ ಉಯ್ಯಾಲೆಯ ಫೋಟೋಗಳಲ್ಲಿ ಮುಖ ಸ್ಪಷ್ಟವಾಗಿರುವುದನ್ನು ಹುಡುಕಿ ತೆಗೆಯಬೇಕಾಯಿತು. ಮಹಿಷಾಸುರ ಜನರ ನಡುವೆ ಬರುವ ಹೊತ್ತಿಗೆ ಅವನು ಡಯಲ್ ತಿರುಗಿಸುತ್ತಲೇ ಉಳಿದ. ಆಮೇಲೆ ಎರಡೂ ಆಟದ ಫೈಲ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಇಬ್ಬರೂ ಕೂತೆವು. ಮೊದಲನೆಯದರಲ್ಲಿ ಕ್ಯಾಮೆರಾಗೆ ಗೊತ್ತಿರಲು ಸಾಧ್ಯವೇ ಇಲ್ಲದ್ದನ್ನು ಕ್ಯಾಮೆರಾಗೆ ಬಿಟ್ಟಿದ್ದ. ಎರಡನೆಯದರಲ್ಲಿ ಮನುಷ್ಯನ ಕೈಗೆ ಎಟುಕದ್ದನ್ನು ಕೈಯಲ್ಲಿ ಇಟ್ಟುಕೊಂಡಿದ್ದ. ಒಂದೊಂದನ್ನೇ ಬಿಡಿಸಿ ನೋಡೋಣ.

ಮೊದಲು ಬೆಳಕಿನ ಅಳತೆ. ಮೊದಲ ಆಟದ ಎರಡು ಫೋಟೋ ತೆಗೆದುಕೊಂಡೆವು. ನಡುವೆ ಕೆಲವೇ ಸೆಕೆಂಡ್ ಅಂತರ. ಶಟರ್, ಅಪರ್ಚರ್ ಎರಡರಲ್ಲೂ ಒಂದೇ. ಇಡೀ ರಂಗಸ್ಥಳ ಕಾಣುವ ಅಗಲದ ಫೋಟೋಗೆ ಕ್ಯಾಮೆರಾ ಐಎಸ್‌ಓ 8000 ಇಟ್ಟಿತ್ತು. ಮುಖ, ಕಿರೀಟ ಮಾತ್ರ ಇರುವ ಹತ್ತಿರದ ಫೋಟೋಗೆ 2000. ಅಂದರೆ ಎರಡು ಸ್ಟಾಪ್ ವ್ಯತ್ಯಾಸ (ಒಂದು ಸ್ಟಾಪ್ ಅಂದರೆ ಇಮ್ಮಡಿ), ನಾಲ್ಕು ಪಟ್ಟು. ರಂಗಸ್ಥಳದ ದೀಪಗಳು ಮಾತ್ರ ಒಂದಿಷ್ಟೂ ಬದಲಾಗಿರಲಿಲ್ಲ.

ಕಾರಣ ಹಳೆಯದು. ಕ್ಯಾಮೆರಾದ ಮೀಟರ್ ತನ್ನ ಮುಂದಿರುವ ದೃಶ್ಯವನ್ನು ನಡುವಿನ ಬೂದು ಬಣ್ಣದ ಸುತ್ತ ತರಲು ನೋಡುತ್ತದೆ. ಅಗಲದ ಚೌಕಟ್ಟಿನಲ್ಲಿ ಮುಕ್ಕಾಲು ಭಾಗ ಗದ್ದೆಯ ಕತ್ತಲೆ. ‘ಇದು ತುಂಬಾ ಕಪ್ಪಾಯಿತು’ ಎಂದು ಅದು ಬೆಳಕು ಏರಿಸುತ್ತದೆ, ಚುಟ್ಟಿಯ (ಮುಖದ ಮೇಲೆ ಇಡುವ ಮುಳ್ಳಿನಂಥ ಅಲಂಕಾರ) ಬಿಳಿ ವಿವರ ಉಳಿಯದೆ ಸುಟ್ಟುಹೋಗುತ್ತದೆ. ಹತ್ತಿರದ ಚೌಕಟ್ಟಿನಲ್ಲಿ ಬಿಳಿ ಚುಟ್ಟಿ, ಹೊಳೆಯುವ ಕಿರೀಟವೇ ಜಾಸ್ತಿ. ‘ಇದು ತುಂಬಾ ಬೆಳಕಾಯಿತು’ ಎಂದು ಇಳಿಸುತ್ತದೆ. ಇದನ್ನು ಸರಿಮಾಡಲು ಕ್ಯಾಮೆರಾ ಮಾಡುವವರು ಬಹಳ ಹಿಂದಿನಿಂದ ಕಷ್ಟಪಟ್ಟಿದ್ದಾರೆ. 1983ರಲ್ಲಿ ಬಂದ ನಿಕಾನ್ ಎಫ್ಎ ಚೌಕಟ್ಟನ್ನು ಐದು ಭಾಗ ಮಾಡಿ ಅಳೆಯಿತು. ಈಗಿನ ಎಲ್ಲ ಮ್ಯಾಟ್ರಿಕ್ಸ್ ಮೀಟರ್‌ಗಳೂ ಆ ದಾರಿಯಲ್ಲೇ ಬಂದವು. 2014ರ ನಿಕಾನ್ ಡಿ810ರಲ್ಲಿ ಬೆಳಕಾದ ಭಾಗಕ್ಕೇ ಒತ್ತು ಕೊಟ್ಟು ಅಳೆಯುವ ಬಗೆ ಬಂತು. ಕಪ್ಪು ಹಿನ್ನೆಲೆಯ ವೇದಿಕೆಗೆ ಅದು ನಿಜಕ್ಕೂ ಒಳ್ಳೆಯದು.

ಆದರೂ ನನಗೆ ಮುಖ್ಯ ಅನಿಸುವುದು ಬೇರೆ ಮಾತು. ರಂಗಸ್ಥಳದ ಬೆಳಕು ಒಮ್ಮೆ ಹಾಕಿದರೆ ಆಟ ಮುಗಿಯುವ ತನಕ ಹಾಗೇ ಇರುತ್ತದೆ. ಬದಲಾಗುವುದು ನಮ್ಮ ಚೌಕಟ್ಟು, ನಮ್ಮ ಝೂಮ್. ಆಟೋ ಎಕ್ಸ್‌ಪೋಷರ್ ಬದಲಾಗುತ್ತಿದ್ದ ಚೌಕಟ್ಟಿನ ಹಿಂದೆ ಓಡುತ್ತಿತ್ತು. ಬೆಳಕೇ ಬದಲಾಗದಿದ್ದರೆ ಅದನ್ನು ಮತ್ತೆ ಮತ್ತೆ ಅಳೆಸುವುದೇಕೆ? ಒಮ್ಮೆ ಅಳೆದು ಕಟ್ಟಿಹಾಕಿದರೆ ಮುಗಿಯಿತು.

ಹೀಗೆ ಕಟ್ಟಿಹಾಕುವುದು ಫಿಲ್ಮ್ ಕಾಲದಲ್ಲಿ ಅನುಭವಿಗಳ ಕೆಲಸ. ಈಗ ಸುಲಭ. ಮಿರರ್‌ಲೆಸ್ ಕ್ಯಾಮೆರಾದ ವ್ಯೂಫೈಂಡರ್‌ನಲ್ಲಿ ಫೋಟೋ ಹೇಗೆ ಬರುತ್ತದೆ ಅಂತ ಮೊದಲೇ ಕಾಣುತ್ತದೆ. ಝೀಬ್ರಾ ಪಟ್ಟೆ ಆನ್ ಮಾಡಿದರೆ ಬೆಳಕು ಮೀರಿದ ಜಾಗದಲ್ಲಿ ಗೀರುಗಳು ಓಡುತ್ತವೆ. ಚುಟ್ಟಿ ಇಟ್ಟ ವೇಷ ರಂಗಸ್ಥಳಕ್ಕೆ ಬಂದಾಗ ಆ ಬಿಳಿಯ ಮೇಲೆ ಗೀರು ಮಾಯವಾಗುವಷ್ಟು ಐಎಸ್‌ಓ ಇಳಿಸಿದರೆ ಸಾಕು. ಆ ಗದ್ದೆಯಲ್ಲಿ ಅದು 1/250, ಎಫ್ 2.8, ಐಎಸ್‌ಓ 3200ಕ್ಕೆ ಬಂದು ನಿಂತಿತು. ನಿಮ್ಮೂರ ದೀಪಕ್ಕೆ ಬೇರೆ ಬರಬಹುದು. ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ನೋಡುವವರು ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ತೋರಿಸುವುದನ್ನು ನೋಡಬೇಕು. ಯಕ್ಷಗಾನದ ವೇಷಭೂಷಣದಲ್ಲಿ ಕೆಂಪು ಅಷ್ಟಿದೆ. ಒಟ್ಟು ಗೆರೆ ಚೆನ್ನಾಗಿಯೇ ಕಾಣುತ್ತಿರುತ್ತದೆ, ಕೆಂಪಿನ ಗೆರೆ ಮಾತ್ರ ಗೋಡೆಗೆ ಬಡಿದಿರುತ್ತದೆ. ಆಮೇಲೆ ಬಟ್ಟೆಯ ಮಡಿಕೆ, ಜರಿ ಏನೂ ಉಳಿಯುವುದಿಲ್ಲ.

ವೈಟ್ ಬ್ಯಾಲೆನ್ಸ್‌ಗೂ ಇದೇ ಲೆಕ್ಕ. ಕೆಂಪು ಸೀರೆ ಚೌಕಟ್ಟು ತುಂಬಿದರೆ ಆಟೋ ಅದನ್ನು ತಣ್ಣಗೆ, ಅಂದರೆ ನೀಲಿಯತ್ತ, ಮಾಡಲು ನೋಡುತ್ತದೆ. ಹಸಿರು ಪರದೆ ಬಂದರೆ ಇನ್ನೊಂದು ಕಡೆ ವಾಲುತ್ತದೆ. ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್) ಆಮೇಲೆ ತಿದ್ದಬಹುದು, ನಿಜ. ಆದರೆ ಒಂದು ರಾತ್ರಿಯ ಫೋಟೋಗಳನ್ನೆಲ್ಲ ಒಂದೇ ಬಣ್ಣಕ್ಕೆ ತರುವ ಕಷ್ಟ ಅನುಭವಿಸಿದವರಿಗೇ ಗೊತ್ತು. ದೀಪಕ್ಕೆ ಸರಿಯಾಗಿ ಒಂದು ಕೆಲ್ವಿನ್ ಸಂಖ್ಯೆ (ಬೆಳಕಿನ ಬಣ್ಣದ ಅಳತೆ) ಇಟ್ಟು ಬಿಟ್ಟರೆ, ತಪ್ಪಿದರೂ ಎಲ್ಲ ಒಂದೇ ಥರ ತಪ್ಪಿರುತ್ತವೆ. ಒಂದೇ ಏಟಿಗೆ ತಿದ್ದಬಹುದು.

ಇನ್ನು ಫೋಕಸ್. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ.

200 ಎಂಎಂನಲ್ಲಿ ಎಫ್ 2.8 ಇಟ್ಟು 10 ಮೀಟರ್ ದೂರದಲ್ಲಿರುವ ಮುಖಕ್ಕೆ ಫೋಕಸ್ ಮಾಡಿದರೆ, ಸ್ಪಷ್ಟವಾಗಿ ಕಾಣುವ ಆಳ ಸುಮಾರು 40 ಸೆಂಟಿಮೀಟರ್. ದೇವಿಯ ಉಯ್ಯಾಲೆ ಅದಕ್ಕಿಂತ ಎಷ್ಟೋ ಹೆಚ್ಚು ದೂರ ಮುಂದೆ ಹಿಂದೆ ಹೋಗಿ ಬರುತ್ತದೆ. ಕೈಯಲ್ಲಿ ಫೋಕಸ್ ರಿಂಗ್ ತಿರುಗಿಸುತ್ತಾ ಅದನ್ನು ಹಿಂಬಾಲಿಸುತ್ತೇನೆ ಅನ್ನುವುದು ಹಟ ಅಷ್ಟೇ. ಈ ಕೆಲಸದಲ್ಲಿ ಯಂತ್ರ ನಮಗಿಂತ ಬಹಳ ಮುಂದಿದೆ. 1985ರಲ್ಲಿ ಮಿನೋಲ್ಟಾ 7000 ಆಟೋಫೋಕಸ್ ಮೋಟಾರನ್ನು ಕ್ಯಾಮೆರಾದ ಒಳಗೇ ಕೂರಿಸಿತು. ಆಗ ಅದರ ಫೋಕಸ್ ಚೌಕಟ್ಟಿನ ನಡುವೆ ಮಾತ್ರ ಕೆಲಸ ಮಾಡುತ್ತಿತ್ತು. ಇವತ್ತಿನ ಕ್ಯಾಮೆರಾ ಚೌಕಟ್ಟಿನ ಯಾವ ಮೂಲೆಯಲ್ಲಿದ್ದರೂ ಕಣ್ಣು ಹಿಡಿದು ಬಿಡುವುದಿಲ್ಲ. ಉಯ್ಯಾಲೆಯ ದೇವಿಗೆ ಅದನ್ನೇ ನಂಬಬೇಕು.

ಆದರೆ ಕಣ್ಣು ಹುಡುಕುವ ಯಂತ್ರ ಕಲಿತದ್ದು ಸಾಮಾನ್ಯ ಮುಖಗಳಿಂದ. ಸ್ತ್ರೀವೇಷಕ್ಕೆ, ಪುಂಡುವೇಷಕ್ಕೆ (ಯುವಕರ ಪಾತ್ರ) ಅದು ಚೆನ್ನಾಗಿ ಕೆಲಸ ಮಾಡಿತು. ಅಲ್ಲಿ ಬಣ್ಣ ಹಚ್ಚಿದರೂ ಮುಖದ ರಚನೆ ಉಳಿದಿರುತ್ತದೆ. ಬಣ್ಣದ ವೇಷದ ಮಾತೇ ಬೇರೆ. ಕಪ್ಪು, ಕೆಂಪು, ಬಿಳಿ ಗೆರೆಗಳು ಮೂಗು, ಬಾಯಿ, ಹುಬ್ಬುಗಳ ಜಾಗವನ್ನೇ ಬದಲಿಸಿಬಿಡುತ್ತವೆ. ಸುತ್ತ ಚುಟ್ಟಿಯ ಮುಳ್ಳುಗಳು. ಮನುಷ್ಯನ ಮುಖ ಮರೆಯಾಗಿ ರಾಕ್ಷಸ ಕಾಣಬೇಕು ಅಂತಲೇ ಕಲಾವಿದ ಗಂಟೆಗಟ್ಟಲೆ ಕೂತು ಬರೆದುಕೊಂಡಿರುತ್ತಾನೆ. ಕ್ಯಾಮೆರಾಗೆ ಅಲ್ಲಿ ಮುಖ ಕಾಣಲಿಲ್ಲ. ಹಿಂದೆ ಮುಂಡಾಸು ಕಟ್ಟಿ ಕೂತ ಭಾಗವತರ ಮುಖ ಕಂಡಿತು, ಚೆಂಡೆಯವರ ಮುಖ ಕಂಡಿತು. ಅತ್ತ ಹಾರಿತು.

ಪರಿಹಾರ ಸರಳ. ಆಟೋಫೋಕಸ್ ಬೇಕು, ಆದರೆ ಯಾರ ಮೇಲೆ ಅನ್ನುವುದನ್ನು ನಾವು ಹೇಳಬೇಕು. ಬಣ್ಣದ ವೇಷ ಬಂದ ಕೂಡಲೇ ಮುಖ ಗುರುತಿಸುವುದನ್ನು ಆಫ್ ಮಾಡಿ, ಒಂದು ಚಿಕ್ಕ ಚೌಕವನ್ನು ವೇಷದ ಮೇಲಿಟ್ಟು ಹಿಂಬಾಲಿಸಲು ಬಿಡುವುದು. ಇದಕ್ಕೆ ಮೆನುವಿನೊಳಗೆ ಹೋಗುತ್ತಾ ಕೂತರೆ ಆಗದು. ಅವನು ಹೆಬ್ಬೆರಳಿನ ಹತ್ತಿರದ ಒಂದು ಬಟನ್‌ಗೆ ಅದನ್ನು ಕೊಟ್ಟುಕೊಂಡ.

ಪಟ್ಟೆಗಳ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಇದರಲ್ಲಿ ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ.

ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಎಲ್ಇಡಿ ಫ್ಲಡ್ ಲೈಟು ಸೆಕೆಂಡಿಗೆ 100 ಸಲ ಬೆಳಗಿ ಮಂಕಾಗುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ. ಶಟರ್ 1/100 ಇದ್ದರೆ ಒಂದು ಪೂರ್ತಿ ಸುತ್ತು ಸಿಗುತ್ತದೆ, 1/50ರಲ್ಲಿ ಎರಡು. 1/250, 1/500ಕ್ಕೆ ಹೋದರೆ ಸುತ್ತಿನ ಒಂದು ತುಂಡು ಮಾತ್ರ ಸಿಗುತ್ತದೆ. ಒಂದು ಫೋಟೋ ಬೆಳಕು, ಮುಂದಿನದು ಮಂಕು. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಇದು ಇನ್ನೂ ಜಾಸ್ತಿ. ಸೆನ್ಸರ್ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಅದು ಓದಿ ಮುಗಿಸುವಷ್ಟರಲ್ಲಿ ದೀಪ ಹಲವು ಸಲ ಏರಿಳಿದಿರುತ್ತದೆ. ಆ ಏರಿಳಿತವೇ ಪಟ್ಟೆಯಾಗಿ ಬೀಳುತ್ತದೆ. ಓದುವ ವೇಗ ಜಾಸ್ತಿ ಇರುವ ದುಬಾರಿ ಕ್ಯಾಮೆರಾಗಳಲ್ಲಿ ತೊಂದರೆ ಕಡಿಮೆ, ಪೂರ್ತಿ ಇಲ್ಲದೇ ಹೋಗುವುದಿಲ್ಲ. ಕಲಾವಿದರಿಗೆ ತೊಂದರೆ ಆಗಬಾರದು ಅನ್ನುವ ಅವನ ಕಾಳಜಿ ನನಗೆ ಇಷ್ಟವಾಯಿತು. ಆದರೆ ಚೆಂಡೆ ಬಾರಿಸುತ್ತಿರುವಾಗ ಮೆಕ್ಯಾನಿಕಲ್ ಶಟರ್ ಸದ್ದು ರಂಗಸ್ಥಳಕ್ಕೆ ಕೇಳುವುದಿಲ್ಲ. ಫ್ಲ್ಯಾಶ್ ಹಾಕದಿದ್ದರೆ, ಕೂತವರಿಗೆ ಅಡ್ಡ ನಿಲ್ಲದಿದ್ದರೆ ಮರ್ಯಾದೆ ಸಂದ ಹಾಗೆಯೇ.

ಮೆಕ್ಯಾನಿಕಲ್ ಶಟರ್‌ಗೆ ಬಂದ ಮೇಲೆ ಒಂದು ಆಟೋ ಸೌಲಭ್ಯವನ್ನು ಆನ್ ಮಾಡಲು ಹೇಳಿದೆ: ಫ್ಲಿಕರ್ ತಡೆ. ದೀಪದ ಮಿಡಿತವನ್ನು ಗ್ರಹಿಸಿ, ಅದು ಪೂರ್ತಿ ಬೆಳಗಿದ ಗಳಿಗೆಗೆ ಸರಿಯಾಗಿ ಶಟರ್ ಬಿಡುತ್ತದೆ. 2014ರ ಕ್ಯಾನನ್ 7ಡಿ ಮಾರ್ಕ್ 2ರಲ್ಲಿ ಬಂದದ್ದು, ಈಗ ಎಷ್ಟೋ ಕ್ಯಾಮೆರಾಗಳಲ್ಲಿದೆ. ಮನುಷ್ಯನಿಂದ ಯಾವ ಕಾಲಕ್ಕೂ ಆಗದ ಕೆಲಸ ಇದು. ಎಲ್ಲ ಮ್ಯಾನುವಲ್ ಅಂದುಕೊಂಡು ಇದನ್ನೂ ಆಫ್ ಮಾಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಈಗ ಮಹಿಷಾಸುರ. ಆಟದ ಜೀವ ಅಲ್ಲಿದೆ, ಈ ಪ್ರಕರಣದ ಜೀವವೂ ಅಲ್ಲಿದೆ.

ಅವನು ಬರುವುದು ರಂಗಸ್ಥಳದ ಒಳಗಿನಿಂದ ಅಲ್ಲ. ಜನರ ಹಿಂದಿನಿಂದ, ದೂರದ ಕತ್ತಲೆಯಿಂದ. ಸುತ್ತ ದೊಂದಿ ಹಿಡಿದವರು. ನಡುನಡುವೆ ದೊಂದಿಗೆ ರಾಳದ ಪುಡಿ ಎರಚುತ್ತಾರೆ, ಬೆಂಕಿ ಭಗ್ ಅಂತ ಏಳುತ್ತದೆ. ಕೋಡು ಕಟ್ಟಿದ ತಲೆ ಆ ಬೆಳಕಿನಲ್ಲಿ ಒಮ್ಮೆ ಕಂಡು ಮತ್ತೆ ಕತ್ತಲೆಗೆ ಹೋಗುತ್ತದೆ. ಜನ ಎದ್ದು ನಿಲ್ಲುತ್ತಾರೆ, ಮೊಬೈಲ್‌ಗಳು ಮೇಲೇಳುತ್ತವೆ. ರಂಗಸ್ಥಳದ ಹತ್ತಿರ ಬಂದಂತೆ ಫ್ಲಡ್ ಲೈಟು ಬೀಳತೊಡಗುತ್ತದೆ. ಬೆಳಕು ಕಟ್ಟಿಹಾಕುವ ಮಾತು ಇಲ್ಲಿ ನಡೆಯುವುದಿಲ್ಲ. 1/250, ಐಎಸ್‌ಓ 3200ರಿಂದ ಡಯಲ್ ತಿರುಗಿಸುತ್ತಾ ಉಳಿದದ್ದಕ್ಕೆ ಎರಡನೆಯ ಆಟದಲ್ಲಿ ಅವನಿಗೆ ಬರೀ ಕತ್ತಲೆ ಸಿಕ್ಕಿತ್ತು.

ಇಲ್ಲಿ ನಿಜವಾಗಿ ಬದಲಾಗುವುದು ಬೆಳಕು. ಹಾಗಾಗಿ ಆಟೋ ಐಎಸ್‌ಓ ಬೇಕು. ಆದರೆ ಬೇಲಿ ಹಾಕಿ. ಎಂ (ಮ್ಯಾನುವಲ್) ಮೋಡ್‌ನಲ್ಲಿ ಶಟರ್ 1/200, ಎಫ್ 2.8 ನಾವೇ ಇಡುವುದು. ಐಎಸ್‌ಓ ಮಾತ್ರ ಆಟೋ, 12800ಕ್ಕಿಂತ ಮೇಲೆ ಹೋಗಬಾರದು. ಜೊತೆಗೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಏರಿಸುವ, ಇಳಿಸುವ ತಿದ್ದುಪಡಿ) ಮೈನಸ್ ಒಂದರ ಸುತ್ತ, ಯಾಕೆಂದರೆ ಕತ್ತಲೆ ಕತ್ತಲೆಯಾಗಿಯೇ ಉಳಿಯಬೇಕು. ಇದನ್ನು ಬಿಟ್ಟರೆ ರಾತ್ರಿಯನ್ನು ಕ್ಯಾಮೆರಾ ಹಗಲು ಮಾಡಿಕೊಡುತ್ತದೆ, ಭಯ ಹೋಗುತ್ತದೆ.

ಆದರೂ ರಾಳದ ಬೆಂಕಿಗೆ ಇದು ಸಾಲದು. ಆ ಬೆಂಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಇಳಿಯುತ್ತದೆ. ಮೀಟರ್ ಬೆಂಕಿಯನ್ನು ನೋಡಿ ಐಎಸ್‌ಓ ಇಳಿಸುವ ಹೊತ್ತಿಗೆ ಮೊದಲ ಫೋಟೋ ಸುಟ್ಟುಹೋಗಿರುತ್ತದೆ. ಎರಡನೆಯದಕ್ಕೆ ಬೆಂಕಿಯೇ ಇರುವುದಿಲ್ಲ, ಅದು ಕಪ್ಪು. ಕ್ಯಾಮೆರಾ ಅಳೆದ ಮೇಲೆ ತಿಳಿದುಕೊಳ್ಳುತ್ತದೆ. ಆಟ ನೋಡಿದವನಿಗೆ ಮೊದಲೇ ಗೊತ್ತಿರುತ್ತದೆ. ದೊಂದಿಯ ಪಕ್ಕದವನ ಕೈ ರಾಳದ ಕಡೆ ಹೋಯಿತು ಅಂದರೆ ಮುಂದೇನು ಅಂತ ಊರಿನ ಮಕ್ಕಳಿಗೂ ಗೊತ್ತು. ಕ್ಯಾಮೆರಾಗೆ ಪ್ರಸಂಗ ಗೊತ್ತಿಲ್ಲ. ಪ್ರಸಂಗ ಗೊತ್ತಿರುವವರು ನಾವು, ಅಲ್ವಾ?

ಹಾಗಾಗಿ ಮುಂದಿನ ಆಟಕ್ಕೆ ಹೀಗೆ ಮಾಡಿದ. ಬೆಂಕಿಯ ಬೆಳಕಿಗೆ ಬೇಕಾದ ಪೂರ್ತಿ ಮ್ಯಾನುವಲ್ ಸೆಟ್ಟಿಂಗ್ ಒಂದನ್ನು, ಅಂದರೆ 1/250, ಎಫ್ 2.8, ಐಎಸ್‌ಓ 1600, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್ ಸುತ್ತ, ಒಂದು ಬಟನ್‌ಗೆ ಕೊಟ್ಟುಕೊಂಡ. ಒತ್ತಿ ಹಿಡಿದಷ್ಟು ಹೊತ್ತು ಆ ಸೆಟ್ಟಿಂಗ್, ಬಿಟ್ಟರೆ ಆಟೋ ಐಎಸ್‌ಓ. ಹೀಗೆ ಕರೆಸಿಕೊಳ್ಳುವ ಸೌಲಭ್ಯ ಈಗ ಹಲವು ಕ್ಯಾಮೆರಾಗಳಲ್ಲಿದೆ. ಇಲ್ಲದಿದ್ದರೆ ಸೆಟ್ಟಿಂಗ್ ಉಳಿಸಿಡಲು ಮೋಡ್ ಡಯಲ್‌ನ ಸಿ1, ಸಿ2 ಅಥವಾ ಯು1, ಯು2 ಜಾಗಗಳಿವೆ. ಬೆಂಕಿಯ ನಿಜವಾದ ಬಣ್ಣ 1900 ಕೆಲ್ವಿನ್ ಹತ್ತಿರ. ಅಷ್ಟಕ್ಕೇ ಇಟ್ಟರೆ ಬೆಂಕಿ ಬಿಳಿಯಾಗಿ ಕಾಣುತ್ತದೆ. 4000ದಲ್ಲಿ ಇಟ್ಟರೆ ಕೆಂಡದ ಬಣ್ಣ ಉಳಿಯುತ್ತದೆ, ವೇಷದ ಕಪ್ಪೂ ಕಪ್ಪಾಗಿರುತ್ತದೆ. ಇದು ಅಳತೆಯಿಂದ ಬರುವ ಉತ್ತರ ಅಲ್ಲ, ನೋಡುವವರ ಆಯ್ಕೆ.

ಚಂಡ ಮುಂಡರ ದಿಗಿಣದಲ್ಲಿ (ಹಾರಿ ಸುತ್ತುವ ಕುಣಿತ) ಇನ್ನೊಂದು ಆಯ್ಕೆ ಎದುರಾಯಿತು. 1/800 ಇಟ್ಟರೆ ಗಾಳಿಯಲ್ಲಿ ಹಾರಿದ ವೇಷ ಕಡೆದ ಹಾಗೆ ನಿಲ್ಲುತ್ತದೆ. 1/50ಕ್ಕೆ ಇಳಿಸಿ ವೇಷದ ಜೊತೆ ಕ್ಯಾಮೆರಾ ತಿರುಗಿಸಿದರೆ ಬಟ್ಟೆ ಸುಳಿಯಾಗುತ್ತದೆ, ಸುತ್ತಿನ ರಭಸ ಕಾಣುತ್ತದೆ. ಯಾವುದು ಬೇಕು ಅಂತ ಯಾವ ಆಟೋ ಹೇಳೀತು? ಯಾವಾಗ ಒತ್ತಬೇಕು ಅನ್ನುವುದು ಚೆಂಡೆಯಿಂದ ತಿಳಿಯುತ್ತದೆ. ಬಿಡ್ತಿಗೆ (ಚೆಂಡೆಯ ಒಂದು ನುಡಿಸಾಣಿಕೆ) ಏರುತ್ತಿದ್ದಂತೆ ಮುಕ್ತಾಯ ಎಲ್ಲಿ ಬೀಳುತ್ತದೆ ಅಂತ ಕಿವಿಗೆ ಗೊತ್ತಾಗುತ್ತದೆ. ಅವನ ಅಜ್ಜ, ಅಂದರೆ ನಮ್ಮ ಅಪ್ಪ, ಆಟದ ಹುಚ್ಚಿದ್ದವರು. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಟ ನೋಡುತ್ತಿದ್ದರು. ಆ ಕಿವಿ ಈಗ ಕೆಲಸಕ್ಕೆ ಬಂತು.

ಇದಕ್ಕೂ ಯಂತ್ರದ ಉತ್ತರ ಇದೆ. ಬಟನ್ ಪೂರ್ತಿ ಒತ್ತುವ ಮೊದಲಿನ ಗಳಿಗೆಗಳನ್ನೂ ಉಳಿಸಿಕೊಡುವ ಸೌಲಭ್ಯ. ಒಲಿಂಪಸ್ ಇ-ಎಂ1 ಮಾರ್ಕ್ 2ರಲ್ಲಿ 2016ರಲ್ಲೇ ಅದು ಪ್ರೋ ಕ್ಯಾಪ್ಚರ್ ಅನ್ನುವ ಹೆಸರಲ್ಲಿತ್ತು. ಹಕ್ಕಿ ಹಾರುವ ಗಳಿಗೆಗೆ ಅದ್ಭುತ. ರಂಗಸ್ಥಳಕ್ಕೆ ಮಾತ್ರ ಒಂದು ತೊಡಕು: ಅದು ಕೆಲಸ ಮಾಡುವುದು ಎಲೆಕ್ಟ್ರಾನಿಕ್ ಶಟರ್‌ನಲ್ಲಿ. ಎಲ್ಇಡಿ ಕೆಳಗೆ ಮತ್ತೆ ಅದೇ ಪಟ್ಟೆ. ನಾವು ಬಿಟ್ಟೆವು.

ಚೌಕಿಯ ವಿಷಯದಲ್ಲಿ ಏನನ್ನೂ ಬದಲಿಸಲಿಲ್ಲ. ಅಲ್ಲಿ ಕಲಾವಿದರು ಕನ್ನಡಿ ಹಿಡಿದು ಕೂತಿರುತ್ತಾರೆ, ಒಂದು ಮೂಲೆಯಲ್ಲಿ ಬೆಳಕು ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಸದ್ದು ಮಾಡದೆ, ಜಾಗ ಬಿಟ್ಟುಕೊಟ್ಟು, ಬೇಗ ತೆಗೆದು ಹೊರಬರಬೇಕು. ಪ್ರೋಗ್ರಾಂ ಮೋಡ್, ಆಟೋ ಐಎಸ್‌ಓ, ಕಣ್ಣಿನ ಫೋಕಸ್ ಸಾಕು. ಅಲ್ಲಿ ಮ್ಯಾನುವಲ್ ಹಿಡಿದು ಕೂರುವುದರಿಂದ ಸಿಗುವುದು ಏನೂ ಇಲ್ಲ.

ಮೂರನೆಯ ಆಟದ ಆಲ್ಬಮ್ ಮನೆಯವರಿಗೆ ಹಿಡಿಸಿತು. ತಿದ್ದುವ ಕೆಲಸವೂ ಎಷ್ಟೋ ಇಳಿಯಿತು, ಏಕೆಂದರೆ ರಂಗಸ್ಥಳದ ಫೋಟೋಗಳೆಲ್ಲ ಒಂದೇ ಬೆಳಕು, ಒಂದೇ ಬಣ್ಣದಲ್ಲಿದ್ದವು.

ಒಂದು ತೊಂದರೆ ಮಾತ್ರ ಉಳಿದಿದೆ. ಗದ್ದೆಯ ಆಟಕ್ಕೆ ಎಷ್ಟೋ ಸಲ ಜನರೇಟರ್ ಇಡುತ್ತಾರೆ. ಲೋಡು ಏರಿಳಿದಂತೆ ಅದರ ಹರ್ಟ್ಜ್ ಕೂಡ 50ರಿಂದ ಆಚೀಚೆ ಹೋಗುತ್ತದೆ. ಫ್ಲಿಕರ್ ತಡೆ ಕಾಯುವುದು 100 ಅಥವಾ 120 ಹರ್ಟ್ಜ್ ಮಿಡಿತಕ್ಕೆ, ಅಲುಗಾಡುವ ಮಿಡಿತ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಆಗ 1/100ಕ್ಕೆ ಇಳಿದು ನಿಂತ ಭಂಗಿಗಳನ್ನು ತೆಗೆಯುವುದು, ದಿಗಿಣಕ್ಕೆ ಮಾತ್ರ ವೇಗ ಏರಿಸಿ ಸಾಲಾಗಿ ತೆಗೆದು ಒಳ್ಳೆಯದನ್ನು ಆರಿಸುವುದು, ಸದ್ಯಕ್ಕೆ ಇಷ್ಟೇ ದಾರಿ. ಈಗ ಅವನು ಆಟದ ದಿನ ಸಂಜೆಯೇ ಹೋಗಿ ಲೈಟಿನವರನ್ನು ಮಾತಾಡಿಸುತ್ತಾನೆ. ಕರೆಂಟು ಲೈನಿನದ್ದಾ, ಜನರೇಟರಿನದ್ದಾ ಅಂತ ಕೇಳುತ್ತಾನೆ. ಫ್ಲಡ್ ಲೈಟುಗಳನ್ನು ಬೇರೆ ಬೇರೆ ಫೇಸಿಗೆ ಹಂಚಿ ಹಾಕಲು ಆಗುತ್ತದಾ ಅಂತಲೂ ಕೇಳುತ್ತಾನೆ. ಹಾಗೆ ಹಾಕಿದರೆ ಒಂದು ದೀಪ ಮಂಕಾದ ಗಳಿಗೆಗೆ ಇನ್ನೊಂದು ಬೆಳಗಿರುತ್ತದೆ, ಮಿಡಿತ ಬಹಳ ಕಡಿಮೆಯಾಗುತ್ತದೆ. ಕೆಲವರು ಮಾಡಿಕೊಡುತ್ತಾರೆ.